ಎಷ್ಟು ಕೊಡ್ತಾರೆ ಸಾರ್?

ಏಪ್ರಿಲ್ ಬಂದರೆ ಸಾಕು, ಸ್ಟಾಫ್‌ರೂಮಿನಲ್ಲಿ ಈ ಪ್ರಶ್ನೆ ಶುರು. ‘ಈ ಸಲವೂ ಹೋಗ್ತೀರಾ ಸಾರ್? ಎಷ್ಟು ಕೊಡ್ತಾರೆ?’ ಮನೆಯಲ್ಲಿ ಮಾವನವರದ್ದೂ ಅದೇ. ಏನೂ ಕೊಡಲ್ಲ ಅಂದರೆ ಯಾರೂ ನಂಬುವುದಿಲ್ಲ, ಎಲ್ಲೋ ಸೈಟು ತಗೊಂಡು ಮುಚ್ಚಿಟ್ಟಿದ್ದೀನೇನೋ ಅನ್ನೋ ಹಾಗೆ ನೋಡುತ್ತಾರೆ. ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ.

ನಾನು ಹೋಗುವುದು ಹಿಮಾಚಲಕ್ಕೆ, ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್‌ನವರ ಸರ್ ಪಾಸ್ ಟ್ರೆಕ್ಕಿಗೆ. ಪಾಸ್ ಅಂದರೆ ಬೆಟ್ಟಸಾಲು ದಾಟುವ ಕಣಿವೆದಾರಿ. ನಡೆಯಲು ಅಲ್ಲ, ಕ್ಯಾಂಪ್ ಲೀಡರ್ ಆಗಿ ಕೂರಲು. ಕುಲ್ಲು ಜಿಲ್ಲೆಯ ಕಸೋಲ್‌ನಲ್ಲಿ, ಪಾರ್ವತಿ ನದಿ ಪಕ್ಕ ಬೇಸ್ ಕ್ಯಾಂಪ್. ಮೇ ತಿಂಗಳಲ್ಲಿ ಅಲ್ಲಿಂದ ಒಂದರ ಹಿಂದೆ ಒಂದು ಗುಂಪು ಹೊರಡುತ್ತದೆ, ಗ್ರಾಹಣ್ ಊರು ದಾಟಿ ಒಂದೊಂದು ಕ್ಯಾಂಪಿನಲ್ಲಿ ಒಂದೊಂದು ರಾತ್ರಿ ಕಳೆದು, ಕೊನೆಗೆ ಸುಮಾರು 13,800 ಅಡಿ ಎತ್ತರದ ಪಾಸ್ ದಾಟಿ ಆಚೆ ಇಳಿಯುತ್ತದೆ. ಮೇಲಿನ ಒಂದೊಂದು ಕ್ಯಾಂಪಿಗೂ ಲೀಡರ್ ಬೇಕು. ಬ್ಯಾಂಕಿನವರು, ರಿಟೈರ್ ಆದವರು, ನನ್ನಂಥ ಮೇಷ್ಟ್ರುಗಳು ರಜೆಯಲ್ಲಿ ಬಂದು ಆ ಕೆಲಸ ಮಾಡುತ್ತೇವೆ. ಸಂಬಳ ಸೊನ್ನೆ. ಊಟ, ಟೆಂಟು, ರಾತ್ರಿ ಒಂದು ಲೋಟ ಬೋರ್ನ್‌ವಿಟಾ.

ನನಗೆ ಸಿಕ್ಕಿದ್ದು ನಗಾರು, ಪಾಸ್‌ಗೆ ಮುಂಚಿನ ಕ್ಯಾಂಪ್. 12,000 ಅಡಿಗೂ ಮೇಲೆ, ಬೆಟ್ಟದ ಏಣಿನ ಮೇಲೆ, ಗಾಳಿ ಅಂದರೆ ಗಾಳಿ. ಟೆಂಟಿನ ಹಗ್ಗ ರಾತ್ರಿಯೆಲ್ಲ ಕಿರ್ರ್ ಅನ್ನುತ್ತಿರುತ್ತದೆ. ಬೆಳಗಿನ ಜಾವ ಮೂರಕ್ಕೆ ಏಳಬೇಕು. ಯಾಕೆಂದರೆ ಬಿಸಿಲು ಏರಿದರೆ ಹಿಮ ಮೆತ್ತಗಾಗಿ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ, ಅಷ್ಟರೊಳಗೆ ಎಲ್ಲರಿಗೂ ಟೀ, ತಿಂಡಿ ಆಗಿ, ಮಧ್ಯಾಹ್ನದ ಡಬ್ಬಿ ತುಂಬಿ ಹೊರಡಿಸಬೇಕು. ಆಮೇಲೆ ಅವರು ಬಿಟ್ಟುಹೋದ ನಲವತ್ತು ಚಿಲ್ಲರೆ ಸ್ಲೀಪಿಂಗ್ ಬ್ಯಾಗ್ ಬಿಸಿಲಿಗೆ ಹಾಕುವುದು, ಕಂಬಳಿ ಮಡಿಸುವುದು. ಅಡುಗೆಯವರ ಜೊತೆ ಬೇಳೆ ಜಗಳ. ಅಷ್ಟು ಎತ್ತರದಲ್ಲಿ ನೀರು 90 ಡಿಗ್ರಿಗೂ ಕಮ್ಮಿಯಲ್ಲೇ ಕುದಿಯುತ್ತದೆ, ಕುಕ್ಕರ್ ಇಲ್ಲದೆ ತೊಗರಿಬೇಳೆ ಎಷ್ಟು ಹೊತ್ತು ಇಟ್ಟರೂ ಕಲ್ಲು. ಕ್ಲಾಸಿನಲ್ಲಿ ಇದನ್ನು ಹೇಳಿದರೆ ಮಕ್ಕಳಿಗೆ ನಿದ್ದೆ ಬರುತ್ತದೆ, ಅಲ್ಲಿ ಹಸಿದವನಿಗೆ ತಕ್ಷಣ ಅರ್ಥವಾಗುತ್ತದೆ.

ಮಧ್ಯಾಹ್ನದ ಮೇಲೆ ಹೊಸ ಗುಂಪು. ಆಗ ಮುಖ್ಯ ಕೆಲಸ, ತಲೆ ಎಣಿಸುವುದು. ನಾನು ಗಣಿತದ ಮೇಷ್ಟ್ರು. ಆದರೂ ಮೊದಲನೇ ವರ್ಷ ಒಂದು ತಲೆ ಕಮ್ಮಿ ಬಂತು. ಮೂರು ಸಲ ಎಣಿಸಿದೆ, ಮೂರು ಸಲವೂ ನಲವತ್ತಾರು. ಬರಬೇಕಾದ್ದು ನಲವತ್ತೇಳು. ಗೈಡು ಪಾಪ ಬಂದ ದಾರಿಯಲ್ಲೇ ವಾಪಸ್ ಓಡಿದ. ಅವನು ಕಣ್ಣಿಗೆ ಮರೆಯಾದ ಮೇಲೆ ನನಗೆ ಟೆಂಟಿನ ಒಳಗೆ ನೋಡುವ ಬುದ್ಧಿ ಬಂತು! ದಾವಣಗೆರೆ ಕಡೆಯ ಹುಡುಗ, ಎಲ್ಲರಿಗಿಂತ ಮೊದಲು ಓಡೋಡಿ ಹತ್ತಿ ಬಂದು, ಬೂಟು ಕೂಡ ಬಿಚ್ಚದೆ ಮಲಗಿದ್ದಾನೆ. ತಲೆನೋವು. ವಾಂತಿಯೂ ಆಗಿದೆ, ಮುಚ್ಚಿಟ್ಟಿದ್ದಾನೆ. ‘ಏನಿಲ್ಲ ಸಾರ್, ಸುಮ್ನೆ ಸುಸ್ತು.’ ಆ ಎತ್ತರದಲ್ಲಿ ತಲೆನೋವು, ವಾಂತಿ ಎರಡೂ ಸೇರಿದರೆ ಮೇಲೆ ಕಳಿಸುವ ಮಾತೇ ಇಲ್ಲ, ಕೆಳಗಿಳಿಸುವುದೇ ಮದ್ದು. ಅವನು ಕನ್ನಡದಲ್ಲಿ ಗೋಗರೆದ, ‘ನಮ್ಮೋರಾಗಿ ಹಿಂಗ್ ಮಾಡ್ತೀರಾ ಸಾರ್, ಇನ್ನೊಂದೇ ದಿನ.’ ಕತ್ತಲಾಗುವ ಮೊದಲು ಇನ್ನೊಬ್ಬ ಗೈಡ್ ಜೊತೆ ಇಳಿಸಿದೆ. ಕೆಳಗಿನ ಕ್ಯಾಂಪ್ ಮುಟ್ಟಿದವನೇ ಮೂರು ಚಪಾತಿ ತಿಂದನಂತೆ. ನನ್ನನ್ನು ಇವತ್ತಿಗೂ ಬೈಯುತ್ತಿರಬಹುದು, ಬೈಯಲಿ.

ಅಂದಹಾಗೆ, ಈ ಯೂತ್ ಹಾಸ್ಟೆಲ್, ಅಂದರೆ ಊರು ಸುತ್ತುವ ಹುಡುಗರಿಗೆ ಕಮ್ಮಿ ಖರ್ಚಿನ ವಸತಿ, ಅನ್ನೋದನ್ನು ಶುರುಮಾಡಿದವನೂ ಒಬ್ಬ ಮೇಷ್ಟ್ರೇ. ಜರ್ಮನಿಯ ರಿಚರ್ಡ್ ಶಿರ್‌ಮನ್. 1909ರಲ್ಲಿ ಮಕ್ಕಳನ್ನು ಕರೆದುಕೊಂಡು ನಡೆದು ಹೋಗುವಾಗ ಬಿರುಗಾಳಿ ಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ರಾತ್ರಿ ಕಳೆದ. ರಜೆಯಲ್ಲಿ ಶಾಲೆಗಳು ಖಾಲಿ ಬಿದ್ದಿರುತ್ತವಲ್ಲ, ಮಕ್ಕಳು ಮಲಗಬಹುದಲ್ಲ ಅಂತ ಹೊಳೆದದ್ದು ಆವಾಗಲೇ. 1912ರಲ್ಲಿ ಆಲ್ಟೆನಾ ಕೋಟೆಯಲ್ಲಿ ಮೊದಲ ಕಾಯಂ ಹಾಸ್ಟೆಲ್ ಆಯಿತು. ಸ್ಟಾಫ್‌ರೂಮಿನಲ್ಲಿ ಇದನ್ನು ಹೇಳಿದೆ. ‘ಅವನಿಗೆ ಎಷ್ಟು ಕೊಡ್ತಿದ್ರು?’ ಅಂದರು.

ಸರಿ, ಹಾಗಾದರೆ ಯಾಕೆ ಹೋಗುತ್ತೇನೆ? ಟ್ರೆಕ್ಕರ್‌ಗೆ ನಗಾರು ಅಂದರೆ ಒಂದು ರಾತ್ರಿ, ಅದೂ ನಡುಗುತ್ತಾ. ನನಗೆ ಹದಿನೈದು ದಿನ ಅದೇ ಬೆಟ್ಟ. ಬೆಳಗಿನ ಗುಂಪು ಹೋಗಿ ಮುಂದಿನದು ಬರುವವರೆಗೆ ಆರೇಳು ಗಂಟೆ ಯಾರೂ ‘ಸಾರ್’ ಅನ್ನುವುದಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಇಷ್ಟು ಖಾಲಿ ಹೊತ್ತು ನನಗೆ ಊರಿನಲ್ಲಿ ಯಾವ ದುಡ್ಡಿಗೂ ಸಿಕ್ಕಿಲ್ಲ. ಹೋದ ವರ್ಷ ಅಡುಗೆ ಟೆಂಟಿನ ಹಿಂದೆ ಸೊಂಟದೆತ್ತರ ಹಿಮ ಇತ್ತು. ದಿನಾ ಒಂದು ಕೋಲು ನೆಟ್ಟು ಅಳೆಯುತ್ತಿದ್ದೆ, ದಿನಕ್ಕೆ ಗೇಣು, ಅರ್ಧ ಗೇಣು ಇಳಿಯುತ್ತಿತ್ತು. ಹನ್ನೆರಡನೇ ದಿನ ಅಂಚಿನಲ್ಲಿ ಒದ್ದೆ ಮಣ್ಣು ಕಂಡಿತು. ಮರುದಿನ ಉಗುರಿನಷ್ಟು ಹಳದಿ ಹೂವು. ಯಾರಿಗೂ ಹೇಳದೆ ಅದನ್ನೇ ನೋಡುತ್ತಾ ಕೂತಿದ್ದೆ. ಅದರ ಮಾರನೇ ದಿನ ಹೋಗಿ ನೋಡಿದರೆ, ನಮ್ಮ ಅಡುಗೆಯವರು ಸರಿಯಾಗಿ ಅದರ ಮೇಲೆ ಖಾಲಿ ಗ್ಯಾಸ್ ಸಿಲಿಂಡರ್ ಇಟ್ಟಿದ್ದರು.