ಅಪ್‌ಡೇಟ್ ನಂತರ ತೋಟಕ್ಕೆ ಇಳಿದ ನೀಲಿ ಚುಕ್ಕೆ

ಫೋನಿನ ಸಾಫ್ಟ್‌ವೇರ್ ಅಪ್‌ಡೇಟ್ ಆದ ಮರುದಿನ ನಾಪೋಕ್ಲುವಿನಿಂದ ಕಕ್ಕಬ್ಬೆಯ ಕಡೆ ಹೊರಟಿದ್ದಾಗ, ನಾನು ನಿತ್ಯ ಬಳಸುವ ನಕ್ಷೆಯ ಆ್ಯಪ್‌ನಲ್ಲಿ ನೀಲಿ ಚುಕ್ಕೆಯು ರಸ್ತೆ ಬಿಟ್ಟು ಪಕ್ಕದ ಕಾಫಿ ತೋಟದೊಳಗೆ ನಿಂತುಬಿಟ್ಟಿತು. ಅದು ಹೇಳಿದ ತಿರುವಿನಲ್ಲಿ ಹೋದರೆ ಎದುರಾದದ್ದು ಬೀಗ ಹಾಕಿದ, ಮಳೆಗೆ ತುಕ್ಕು ಹಿಡಿದ ತೋಟದ ಗೇಟು. ಅಲ್ಲಿಯೇ ನಿಂತು, ಕೊಡಗಿನ ನಕ್ಷೆಯನ್ನು ಮೊದಲೇ ಇಳಿಸಿಕೊಂಡಿದ್ದ ಇನ್ನೊಂದು ಆ್ಯಪ್ ತೆರೆದೆ. ನೆಟ್‌ವರ್ಕ್ ಇಲ್ಲದಿದ್ದರೂ ಅದು ಸರಿಯಾದ ದಾರಿ ತೋರಿಸಿತು.

ಜಿಪಿಎಸ್‌ಗೆ ಸ್ಥಾನ ಗುರುತಿಸಲು ಸಾಮಾನ್ಯವಾಗಿ ಕನಿಷ್ಠ 4 ಉಪಗ್ರಹಗಳ ಸಂಕೇತ ಬೇಕು, ನಮ್ಮ ಬೆಟ್ಟಗಳೂ ದಟ್ಟ ನೆರಳಿನ ಮರಗಳೂ ಅದಕ್ಕೆ ಅಡ್ಡಬರುತ್ತವೆ ಎಂಬುದು ನಿಜ. ಆದರೆ ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ ಎರಡು ಆ್ಯಪ್‌ಗಳು ಬೇರೆ ಬೇರೆ ಉತ್ತರ ಕೊಟ್ಟದ್ದೇಕೆ? ಸೆಟ್ಟಿಂಗ್ಸ್ ನೋಡಿದಾಗ ತಿಳಿಯಿತು: ಮೊದಲ ಆ್ಯಪ್‌ಗೆ ಅಂದಾಜು ಸ್ಥಳದ ಅನುಮತಿ ಮಾತ್ರ ಉಳಿದಿತ್ತು. 2021ರ ಆಂಡ್ರಾಯ್ಡ್ 12ರಿಂದ ನಿಖರ ಸ್ಥಳ, ಅಂದಾಜು ಸ್ಥಳ ಎಂದು ಎರಡು ಆಯ್ಕೆಗಳಿವೆ. ನಿಖರ ಸ್ಥಳವನ್ನು ಆನ್ ಮಾಡಿದೊಡನೆ ಚುಕ್ಕೆ ರಸ್ತೆಗೆ ಮರಳಿತು.

ಗೇಟಿನ ತಿರುವು ಮಾತ್ರ ಸರಿಹೋಗಲಿಲ್ಲ, ಏಕೆಂದರೆ ಅದು ನಕ್ಷೆಯಲ್ಲಿರುವ ದೋಷ. ಅದನ್ನು ಆ್ಯಪ್‌ನಲ್ಲಿಯೇ ವರದಿ ಮಾಡಿದ್ದೇನೆ.