ಎಲ್ಲ ಹಾಡೂ ಫೋನಿನಲ್ಲೇ ಸಿಗುವಾಗ ನೀನೇಕೆ ಫೈಲು ಇಟ್ಟುಕೊಳ್ಳುತ್ತೀ?

ನನ್ನ ಲ್ಯಾಪ್‌ಟಾಪಿನಲ್ಲಿರುವ ಹಾಡಿನ ಫೋಲ್ಡರುಗಳನ್ನು ಕಂಡವರು, ಕಾಲೇಜಿನ ಗೆಳೆಯರಿರಲಿ, ಮನೆಗೆ ಬಂದ ನೆಂಟರಿರಲಿ, ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತಿಂಗಳಿಗಿಷ್ಟು ಎಂದು ಚಂದಾ ಕಟ್ಟಿದರೆ, ಅಥವಾ ನಡುನಡುವೆ ಬರುವ ಜಾಹೀರಾತುಗಳನ್ನು ಸಹಿಸಿಕೊಂಡರೆ, ಕೋಟಿಗಟ್ಟಲೆ ಹಾಡುಗಳು ಫೋನಿನಲ್ಲೇ ಸಿಗುತ್ತವೆ. ಹಾಗಿರುವಾಗ ಸಿಡಿಗಳನ್ನು ರಿಪ್ ಮಾಡಿ (ಅವುಗಳ ಹಾಡುಗಳನ್ನು ಕಂಪ್ಯೂಟರಿಗೆ ಫೈಲುಗಳಾಗಿ ಇಳಿಸಿ), ಒಂದೊಂದು ಫೈಲಿಗೂ ಕವಿ, ಗಾಯಕ, ರಾಗ, ತಾಳ ಎಂದು ಬರೆದು, ಎರಡೆರಡು ಹಾರ್ಡ್‌ಡಿಸ್ಕಿನಲ್ಲಿ ಕಾಪಿಡುವ ಉಸಾಬರಿ ಏಕೆ ಎಂಬುದು ಆ ಪ್ರಶ್ನೆ. ನಿಂತ ನಿಲುವಿನಲ್ಲಿ ಕೊಡುವ ಉತ್ತರ ಅರ್ಧಕ್ಕೇ ನಿಲ್ಲುವುದರಿಂದ, ಒಮ್ಮೆ ಪೂರ್ತಿಯಾಗಿ ಬರೆದಿಡುತ್ತಿದ್ದೇನೆ.

ಸ್ಟ್ರೀಮಿಂಗ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆಸರೇ ಕೇಳಿರದ ಗಾಯಕರೊಬ್ಬರ ಧ್ವನಿಯನ್ನು ಮೊದಲ ಬಾರಿ ಕೇಳಿ ನೋಡಲು ಅದಕ್ಕಿಂತ ಸುಲಭವಾದ ದಾರಿ ಇನ್ನೊಂದಿಲ್ಲ, ನಾನೂ ಅದಕ್ಕಾಗಿ ಅದನ್ನು ಬಳಸುತ್ತೇನೆ. ಆದರೆ ಮತ್ತೆ ಮತ್ತೆ ಕೇಳಬೇಕೆನಿಸುವ, ಹತ್ತು ವರ್ಷಗಳ ಮೇಲೂ ಬೇಕೆನಿಸುವ ಸಂಗೀತವು ನನ್ನದೇ ಡಿಸ್ಕಿನಲ್ಲಿ, ಯಾರ ಅಪ್ಪಣೆಯೂ ಇಲ್ಲದೆ ತೆರೆಯಬಹುದಾದ ಫೈಲಾಗಿ, ಯಾವ ಕಂಪನಿ ಮುಚ್ಚಿದರೂ ನುಡಿಸಬಲ್ಲ ಸಾಫ್ಟ್‌ವೇರಿನ ಜೊತೆ ಇರಬೇಕು ಎಂಬುದು ನನ್ನ ನಿಲುವು.

ಮುಚ್ಚುವ ಮಾತು ಬರೀ ಅನುಮಾನದ್ದಲ್ಲ. ಮೈಕ್ರೋಸಾಫ್ಟ್ 2004ರಲ್ಲಿ ಎಂಎಸ್‌ಎನ್ ಮ್ಯೂಸಿಕ್ ಎಂಬ ಅಂಗಡಿ ತೆರೆದು, ಬೀಗ ಹಾಕಿದ ಫೈಲುಗಳ ರೂಪದಲ್ಲಿ ಹಾಡುಗಳನ್ನು ಮಾರಿತು. ಆ ಬೀಗವನ್ನು ತೆರೆಯುವ ಕೀಲಿ ಕಂಪನಿಯ ಸರ್ವರಿನಿಂದ ಬರಬೇಕಾಗಿತ್ತು. 2008ರಲ್ಲಿ ಆ ಸರ್ವರನ್ನೇ ನಿಲ್ಲಿಸುತ್ತೇವೆ, ಆಮೇಲೆ ಹೊಸ ಕಂಪ್ಯೂಟರಿಗೆ ಹಾಡುಗಳನ್ನು ಸಾಗಿಸಲಾಗದು ಎಂಬ ಸೂಚನೆ ಗ್ರಾಹಕರಿಗೆ ಬಂತು. ದೊಡ್ಡ ಗದ್ದಲವೆದ್ದ ಮೇಲೆ ಕಂಪನಿ ಗಡುವನ್ನು 2011ರ ಕೊನೆಯವರೆಗೆ ಮುಂದೂಡಿತು. ಅವರೆಲ್ಲ ಬಾಡಿಗೆದಾರರಲ್ಲ, ಪೂರ್ತಿ ದುಡ್ಡು ಕೊಟ್ಟು ಕೊಂಡವರು ಎಂಬುದನ್ನು ಗಮನಿಸಬೇಕು. ಅದೇ ಸುಮಾರಿಗೆ, 2009ರಲ್ಲಿ, ಆಪಲ್ ತನ್ನ ಐಟ್ಯೂನ್ಸ್ ಅಂಗಡಿಯ ಹಾಡುಗಳ ಬೀಗವನ್ನು ತೆಗೆಯಿತು. ಕೊಂಡ ಹಾಡಿನ ಮಟ್ಟಿಗೆ ಆ ಜಗಳ ಗೆದ್ದಂತಾಯಿತು. ಅಷ್ಟರಲ್ಲಿ ಕೊಳ್ಳುವ ರೂಢಿಯೇ ಹಿಂದೆ ಸರಿಯತೊಡಗಿತು.

ಈಗಿನ ಆ್ಯಪ್‌ಗಳಲ್ಲಿ ಆ ಬೀಗ ಬೇರೆ ರೂಪದಲ್ಲಿ ಹಾಗೆಯೇ ಇದೆ. ‘ಡೌನ್‌ಲೋಡ್’ ಒತ್ತಿದರೆ ಫೋನಿನ ಜಾಗ ತುಂಬುತ್ತದೆಯೇ ಹೊರತು ನಮ್ಮ ಕೈಗೆ ಫೈಲು ಬರುವುದಿಲ್ಲ. ಸ್ಪಾಟಿಫೈನಲ್ಲಿ ಹಾಗೆ ಇಳಿಸಿಕೊಂಡ ಹಾಡುಗಳು ಉಳಿಯಬೇಕಾದರೆ 30 ದಿನಕ್ಕೊಮ್ಮೆಯಾದರೂ ಇಂಟರ್‌ನೆಟ್‌ಗೆ ಬಂದು ಹಾಜರಿ ಹಾಕಬೇಕು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ನಿಂತಿತು, ಏರ್‌ಟೆಲ್‌ನ ವಿಂಕ್ ಮ್ಯೂಸಿಕ್ 2024ರಲ್ಲಿ ಬಾಗಿಲು ಹಾಕಿತು. ಸೇವೆ ಮುಂದುವರಿದರೂ ಹಾಡು ಉಳಿಯುತ್ತದೆಂಬ ಭರವಸೆಯಿಲ್ಲ: ಧ್ವನಿಸುರುಳಿ ಸಂಸ್ಥೆಗೂ ಆ್ಯಪ್‌ಗೂ ಇರುವ ಒಪ್ಪಂದ ಮುಗಿದರೆ ನಾವು ಜೋಡಿಸಿಟ್ಟ ಪಟ್ಟಿಯಲ್ಲಿ ಹಾಡಿನ ಹೆಸರು ಬೂದುಬಣ್ಣಕ್ಕೆ ತಿರುಗುತ್ತದೆ. ನಾನು ಬಳಸುತ್ತಿದ್ದ ಒಂದು ಆ್ಯಪ್‌ನಲ್ಲಿ ಭಾವಗೀತೆಗಳ ಇಡೀ ಸಂಗ್ರಹವೊಂದು ಹೀಗೆ ಕಾಣೆಯಾಯಿತು. ಕಾರಣವನ್ನು ಯಾರೂ ತಿಳಿಸಲಿಲ್ಲ, ಯಾರನ್ನು ಕೇಳಬೇಕೆಂಬುದೂ ತಿಳಿಯಲಿಲ್ಲ.

ಇನ್ನು ಧ್ವನಿಯ ಗುಣಮಟ್ಟದ ವಿಚಾರ. ಫೈಲು ಇಟ್ಟುಕೊಳ್ಳುವವರೆಲ್ಲ ಕಿವಿಯ ಸೂಕ್ಷ್ಮದ ಬಗ್ಗೆ ಜಂಬ ಪಡುವವರೆಂದು ಅನೇಕರು ಭಾವಿಸಿರುವುದರಿಂದ ಇದನ್ನು ಸ್ಪಷ್ಟಪಡಿಸುವುದು ಒಳ್ಳೆಯದು. ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್‌ಗಳು (ಧ್ವನಿಯ ಅಳತೆಗಳು), ಒಂದೊಂದೂ 16 ಬಿಟ್, ಎಡ ಬಲ ಸೇರಿ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 14,11,200 ಬಿಟ್, ನಿಮಿಷಕ್ಕೆ ಸುಮಾರು 10 ಎಂಬಿ. ಒಂದು ಗಟ್ಟಿ ಸದ್ದಿನ ಮರೆಯಲ್ಲಿ ಕಿವಿಗೆ ಕೇಳಿಸದೇ ಹೋಗುವ ಸಣ್ಣ ಸದ್ದುಗಳನ್ನು ಬಿಟ್ಟುಬಿಟ್ಟು, ಇದನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುವ ವಿದ್ಯೆಯೇ ಎಂಪಿ3. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯವರು ಅದರಲ್ಲಿ ಮುಖ್ಯ ಪಾತ್ರ ವಹಿಸಿದರು, ‘ಎಂಪಿ3’ ಎಂಬ ಫೈಲು ಹೆಸರಿನ ಬಾಲ 1995ರಲ್ಲಿ ಹುಟ್ಟಿತು, ಅದರ ಪೇಟೆಂಟ್ ಪರವಾನಗಿಯ ವ್ಯವಹಾರ 2017ರಲ್ಲಿ ಮುಗಿಯಿತು. ಒಳ್ಳೆಯ ಎನ್‌ಕೋಡರಿನಿಂದ (ಧ್ವನಿಯನ್ನು ಕುಗ್ಗಿಸುವ ತಂತ್ರಾಂಶದಿಂದ), ಹೆಚ್ಚಿನ ಬಿಟ್‌ರೇಟಿನಲ್ಲಿ, ಎಂದರೆ ಸೆಕೆಂಡಿಗೆ ಹೆಚ್ಚು ಬಿಟ್ ಬಳಸಿ, ಮಾಡಿದ ಎಂಪಿ3ಗೂ ಮೂಲ ಸಿಡಿಗೂ ಇರುವ ವ್ಯತ್ಯಾಸವನ್ನು, ಯಾವುದು ಯಾವುದೆಂದು ಮರೆಮಾಡಿ ನುಡಿಸಿದಾಗ, ಸಿನಿಮಾ ಹಾಡುಗಳಲ್ಲಿ ನನ್ನ ಕಿವಿ ಗುರುತಿಸುವುದಿಲ್ಲ. ಸಿಡಿಗಿಂತ ಸೂಕ್ಷ್ಮವಾದ ಅಳತೆ, 24 ಬಿಟ್, 192 ಕಿಲೋಹರ್ಟ್ಸ್ ಎಂದು ಹೆಚ್ಚು ದುಡ್ಡಿಗೆ ಮಾರುವುದು ಕೇಳುಗನ ಮಟ್ಟಿಗೆ ನಿರುಪಯೋಗಿ ಎಂದೇ ನನ್ನ ಅಭಿಪ್ರಾಯ. ಮನುಷ್ಯನ ಕಿವಿ 20 ಕಿಲೋಹರ್ಟ್ಸ್‌ಗಿಂತ ಆಚೆ ಕೇಳಿಸಿಕೊಳ್ಳುವುದಿಲ್ಲ, ಅಷ್ಟನ್ನು ಹಿಡಿಯಲು ಸಿಡಿಯ ಅಳತೆ ಸಾಕು. ಇದನ್ನೆಲ್ಲ ಬ್ಲೂಟೂತ್ ಇಯರ್‌ಫೋನಿನಲ್ಲಿ ಕೇಳುವವರಂತೂ, ಆ ಇಯರ್‌ಫೋನಿಗೆ ಕಳಿಸುವ ಮುನ್ನ ಫೋನು ಇನ್ನೊಮ್ಮೆ ಧ್ವನಿಯನ್ನು ಕುಗ್ಗಿಸುತ್ತದೆಂಬುದನ್ನು ತಿಳಿದಿರಬೇಕು.

ಹಾಗಾದರೆ ನನ್ನ ಸಂಗ್ರಹವನ್ನು ಫ್ಲ್ಯಾಕ್ ಎಂಬ ಫೈಲು ರೂಪದಲ್ಲಿ ಇಡುವುದೇಕೆ? 2001ರಲ್ಲಿ ಮೊದಲ ಆವೃತ್ತಿ ಕಂಡ ಫ್ಲ್ಯಾಕ್, ಒಂದು ಬಿಟ್ಟನ್ನೂ ಕಳೆಯದೆ ಸಿಡಿಯ ಧ್ವನಿಯನ್ನು ಸುಮಾರು ಅರ್ಧದಷ್ಟು ಜಾಗಕ್ಕೆ ಇಳಿಸುತ್ತದೆ. ಅದರ ಬೆಲೆ ತಿಳಿಯುವುದು ಕೇಳುವಾಗ ಅಲ್ಲ, ಕಾಪಿಡುವಾಗ. ಎಂಪಿ3ಯಿಂದ ಇನ್ನೊಂದು ರೂಪಕ್ಕೆ, ಅದರಿಂದ ಮತ್ತೊಂದಕ್ಕೆ ಎಂದು ಬದಲಿಸುತ್ತ ಹೋದರೆ ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ ಪ್ರತಿ ಸಲವೂ ಒಂದಿಷ್ಟು ಮಸುಕಾಗುತ್ತದೆ. ಫ್ಲ್ಯಾಕ್‌ನಿಂದ ಯಾವಾಗ ಬೇಕಾದರೂ, ಯಾವ ರೂಪಕ್ಕೆ ಬೇಕಾದರೂ ಹೊಸದಾಗಿ ಮಾಡಿಕೊಳ್ಳಬಹುದು. ಫೋನಿಗೆ ನಾನು ಹಾಕಿಕೊಳ್ಳುವುದು ಓಪಸ್ ರೂಪದ ಸಣ್ಣ ಫೈಲುಗಳನ್ನು. ಇನ್ನೊಂದು ಅನುಕೂಲವೆಂದರೆ, ಫ್ಲ್ಯಾಕ್ ಫೈಲಿನೊಳಗೇ ಮೂಲ ಧ್ವನಿಯಿಂದ ಲೆಕ್ಕ ಹಾಕಿದ, ಬೆರಳಚ್ಚಿನಂಥ ಎಂಡಿ5 ಗುರುತು ಇರುತ್ತದೆ. ಡಿಸ್ಕು ಹಳತಾಗಿ ಎಲ್ಲೋ ಒಂದು ಬಿಟ್ ಕೆಟ್ಟರೆ, ಒಂದು ಸಾಲಿನ ಆಜ್ಞೆ ಕೊಟ್ಟು ಇಡೀ ಸಂಗ್ರಹವನ್ನು ಪರೀಕ್ಷಿಸಿ, ಕೆಟ್ಟದ್ದನ್ನು ಎರಡನೆಯ ಡಿಸ್ಕಿನಿಂದ ಮತ್ತೆ ತಂದುಕೊಳ್ಳಬಹುದು. 1 ಟಿಬಿ ಡಿಸ್ಕಿನಲ್ಲಿ ಈ ರೀತಿ ಎರಡು ಸಾವಿರಕ್ಕೂ ಹೆಚ್ಚು ಸಿಡಿಗಳು ಹಿಡಿಸುತ್ತವೆ, ಆದ್ದರಿಂದ ಜಾಗದ ಮಾತು ಈಗ ನೆಪವಾಗದು.

ಧಾರವಾಡದ ಮನೆಯೊಂದರಲ್ಲಿ ಬೆಳೆದ ನನಗೆ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರ ಗಾಯನ ಮನೆಯ ಸದ್ದುಗಳಲ್ಲಿ ಒಂದಾಗಿತ್ತು, ಈಗಿನ ಆ್ಯಪ್‌ಗಳ ವಿನ್ಯಾಸ ನನ್ನನ್ನು ಕಾಡುವುದೂ ಇಲ್ಲಿಯೇ. ಎಷ್ಟೋ ಸಿಡಿಗಳಲ್ಲಿ ಒಂದೇ ರಾಗದ ವಿಲಂಬಿತ (ನಿಧಾನಗತಿಯ) ಖಯಾಲನ್ನು ಒಂದು ಟ್ರ್ಯಾಕ್, ದ್ರುತವನ್ನು (ವೇಗದ ಭಾಗವನ್ನು) ಮುಂದಿನ ಟ್ರ್ಯಾಕ್ ಎಂದು ಕತ್ತರಿಸಿರುತ್ತಾರೆ, ಹಾಡು ಮಾತ್ರ ನಿಂತಿರುವುದಿಲ್ಲ. ಎಂಪಿ3 ಧ್ವನಿಯನ್ನು 1152 ಸ್ಯಾಂಪಲ್‌ಗಳ ತುಣುಕುಗಳಾಗಿ ಹಿಡಿಯುವುದರಿಂದ ಫೈಲಿನ ಮೊದಲಿಗೂ ಕೊನೆಗೂ ಒಂದಿಷ್ಟು ಮೌನ ಸೇರಿಕೊಳ್ಳುತ್ತದೆ. ಅದನ್ನು ಲೆಕ್ಕ ಹಾಕಿ ಬಿಟ್ಟುಬಿಡುವಷ್ಟು ಪ್ಲೇಯರಿಗೆ ತಿಳಿವಳಿಕೆ ಇರದಿದ್ದರೆ, ಎಡೆಬಿಡದೆ ಮೀಟುತ್ತಿರುವ ತಂಬೂರಿ ಆ ಕ್ಷಣದಲ್ಲಿ ತಟಕ್ಕನೆ ಕಡಿದು ಮತ್ತೆ ಹತ್ತಿಕೊಳ್ಳುತ್ತದೆ. ಬಿಡಿ ಹಾಡುಗಳನ್ನು ಕೇಳುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಒಂದೇ ರಾಗದಲ್ಲಿ ಕುಳಿತವನಿಗೆ ಮಾತ್ರ ಆ ಕಡಿತ ಎದೆಗೇ ತಾಕುತ್ತದೆ. ಸ್ಟ್ರೀಮಿಂಗ್ ಆ್ಯಪ್‌ನಲ್ಲಿ ಜಾಹೀರಾತು ಬರುವುದೂ ಇದೇ ಸಂದಿನಲ್ಲಿ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಫೈಲಿನೊಳಗಿನ ಹೆಸರುಗಳ ವಿಚಾರವನ್ನು ನಾನು ಧ್ವನಿಯಷ್ಟೇ ಮುಖ್ಯವೆಂದು ಎಣಿಸುತ್ತೇನೆ. ಹಾಡಿನ ಹೆಸರು, ವಿವರಗಳನ್ನು ಬರೆದಿಡುವ ಜಾಗಕ್ಕೆ ಟ್ಯಾಗ್ ಎನ್ನುತ್ತಾರೆ; ಎಂಪಿ3 ಫೈಲಿನ ಟ್ಯಾಗಿನ ಮೊದಲ ರೂಪದಲ್ಲಿ ಫೈಲಿನ ಕಟ್ಟಕಡೆಯ 128 ಬೈಟ್‌ಗಳಲ್ಲಿ ಎಲ್ಲ ವಿವರವೂ ಹಿಡಿಯಬೇಕಿತ್ತು, ಗಾಯಕರ ಹೆಸರಿಗೆ 30 ಬೈಟ್. ಇಂಗ್ಲಿಷಿಗೆ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೂ, ಗುಣಿತದ ಚಿಹ್ನೆಗೂ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆಗೂ (್) ಮೂರು ಮೂರು ಬೈಟ್ ಬೇಕು. ಅಲ್ಲಿ ಕನ್ನಡದಲ್ಲಿ ಬರೆಯಹೊರಟರೆ ‘ಮಲ್ಲಿಕಾರ್ಜ’ ಎಂಬಲ್ಲಿಗೆ ಜಾಗ ಮುಗಿಯುತ್ತದೆ, ‘ಮನ್ಸೂರ’ ಎಂಬುದಕ್ಕೆ ಎಡೆಯೇ ಇಲ್ಲ. ಆಮೇಲಿನ ಆವೃತ್ತಿಗಳಲ್ಲಿ ಯೂನಿಕೋಡ್ ಬಂದು ಈ ಇಕ್ಕಟ್ಟು ನೀಗಿತು, ಫ್ಲ್ಯಾಕ್‌ನ ಟ್ಯಾಗುಗಳಂತೂ ಯುಟಿಎಫ್-8ರಲ್ಲೇ ಇರುತ್ತವೆ. ಹಾಗಿದ್ದರೂ ನಮ್ಮ ಹಾಡುಗಳ ಗತಿ ಏನಾಯಿತೆಂಬುದನ್ನು ನೆನೆಯಬೇಕು. ಮೊಬೈಲ್ ಅಂಗಡಿಗಳಲ್ಲಿ ಒಂದಿಷ್ಟು ದುಡ್ಡು ಕೊಟ್ಟು ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುತ್ತಿದ್ದ ಕಾಲದ ಕಾರ್ಡೊಂದನ್ನು ಇಂದು ತೆರೆದು ನೋಡಿದರೆ, ಗಾಯಕರ ಜಾಗದಲ್ಲಿ, ಆಲ್ಬಮ್ಮಿನ ಜಾಗದಲ್ಲಿ, ಕೊನೆಗೆ ಚಿತ್ರದ ಮೇಲೂ ಯಾವುದೋ ಕದ್ದ ಹಾಡಿನ ಜಾಲತಾಣದ ಹೆಸರೇ ಇರುತ್ತದೆ. ಅಧಿಕೃತ ಆ್ಯಪ್‌ಗಳು ಅಷ್ಟು ಅವಮಾನ ಮಾಡುವುದಿಲ್ಲ, ಆದರೆ ಅಲ್ಲಿಯೂ ದೊಡ್ಡಕ್ಷರದಲ್ಲಿ ಕಾಣುವುದು ಗಾಯಕರ ಹೆಸರು ಮಾತ್ರ. ಭಾವಗೀತೆ ಎಂದರೆ ಮೊದಲು ಕವಿತೆ. ನಿಸಾರ್ ಅಹಮದ್ ಅವರ ಪದಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದರು, ಕೆ. ಎಸ್. ನರಸಿಂಹಸ್ವಾಮಿಯವರ ಪದಗಳಿಗೆ ಸಿ. ಅಶ್ವಥ್; ಕವಿ, ಸಂಯೋಜಕ ಇಬ್ಬರ ಹೆಸರೂ ಇಲ್ಲದ ಭಾವಗೀತೆಯ ಪಟ್ಟಿ ನನ್ನ ದೃಷ್ಟಿಯಲ್ಲಿ ಅಪೂರ್ಣ.

ನನ್ನ ಫೈಲುಗಳಲ್ಲಿ ಈ ಕೊರತೆಯನ್ನು ನಾನೇ ತುಂಬಬಲ್ಲೆ. ಫ್ಲ್ಯಾಕ್‌ನ ಟ್ಯಾಗಿನಲ್ಲಿ ಯಾವ ಹೆಸರಿನ ಖಾನೆ ಬೇಕಾದರೂ ಸೃಷ್ಟಿಸಬಹುದು. ಖಾನೆಯ ಹೆಸರು ಇಂಗ್ಲಿಷ್ ಅಕ್ಷರದಲ್ಲಿರಬೇಕು, ಒಳಗಿನದು ಕನ್ನಡದಲ್ಲೇ ಇರಬಹುದು. ಕವಿ, ಸಂಯೋಜಕ, ರಾಗ, ತಾಳ, ತಬಲಾ, ಹಾರ್ಮೋನಿಯಂ ಎಂದು ಖಾನೆಗಳನ್ನು ಮಾಡಿಕೊಂಡಿದ್ದೇನೆ. ನಾನು ಬಳಸುವ ಕ್ವಾಡ್ ಲಿಬೆಟ್ ಎಂಬ ಪ್ಲೇಯರು ಈ ಖಾನೆಗಳನ್ನೆಲ್ಲ ಓದಿ, ಭೀಮಪಲಾಸದಲ್ಲಿ ಇರುವುದನ್ನೆಲ್ಲ ತೋರಿಸು ಎಂದರೆ ಖಯಾಲು, ವಚನ, ದಾಸರ ಪದ, ಸಿನಿಮಾ ಹಾಡು ಎಲ್ಲವನ್ನೂ ಒಟ್ಟಿಗೆ ತಂದಿಡುತ್ತದೆ. ಯಾವ ಆ್ಯಪ್‌ನ ಶಿಫಾರಸು ಪಟ್ಟಿಯೂ ನನಗೆ ಇಷ್ಟು ಕಲಿಸಿಲ್ಲ.

ಸಾಫ್ಟ್‌ವೇರಿನ ವಿಷಯದಲ್ಲೂ ನನ್ನ ಅಳತೆಗೋಲು ಇದೇ. ಕ್ವಾಡ್ ಲಿಬೆಟ್, ವಿಎಲ್‌ಸಿ, ಕ್ಯಾಸೆಟ್ಟಿನಿಂದ ಹಾಡು ಇಳಿಸಲು ಅಡಾಸಿಟಿ, ಇವೆಲ್ಲ ಮುಕ್ತ ತಂತ್ರಾಂಶಗಳು, ಎಂದರೆ ಇವುಗಳ ಆಕರ ಸಂಕೇತವನ್ನು (ಮೂಲ ಪ್ರೋಗ್ರಾಮನ್ನು) ಯಾರು ಬೇಕಾದರೂ ನೋಡಿ ಬದಲಿಸಬಹುದು. ಪುಕ್ಕಟೆ ಸಿಗುತ್ತವೆಂಬುದು ಇವುಗಳ ಸಣ್ಣ ಗುಣ. 2021ರಲ್ಲಿ ಅಡಾಸಿಟಿ ಮ್ಯೂಸ್ ಗ್ರೂಪ್ ಎಂಬ ಕಂಪನಿಯ ಕೈಗೆ ಹೋಗಿ, ಬಳಕೆದಾರರ ಮಾಹಿತಿ ಸಂಗ್ರಹಿಸುವ ಮಾತು ಬಂದಾಗ ಜನ ಪ್ರತಿಭಟಿಸಿದರು. ಆಕರ ಸಂಕೇತ ಎಲ್ಲರಿಗೂ ತೆರೆದಿದ್ದರಿಂದ ಕೆಲವರು ಅದರಿಂದಲೇ ಟೆನ್ಯಾಸಿಟಿ ಎಂಬ ಬೇರೊಂದು ತಂತ್ರಾಂಶವನ್ನು ಕವಲೊಡೆಸಿದರು. ಕಂಪನಿಯೂ ತನ್ನ ಪ್ರಸ್ತಾಪದಿಂದ ಬಹಳಷ್ಟು ಹಿಂದೆ ಸರಿಯಿತು. ಬೀಗ ಹಾಕಿದ ಆ್ಯಪ್ ಆಗಿದ್ದರೆ ಬಳಸುವವರಿಗೆ ಉಳಿಯುತ್ತಿದ್ದ ದಾರಿ, ಒಪ್ಪಿಕೊಳ್ಳುವುದು ಅಥವಾ ಬಿಟ್ಟುಹೋಗುವುದು, ಎರಡೇ.

ಇಷ್ಟು ಕೇಳಿದ ಮೇಲೆ ನನ್ನ ಚಿಕ್ಕಪ್ಪ ತಪ್ಪದೆ ಎತ್ತುವ ಪ್ರಶ್ನೆ: ‘ಹಾಗಾದ್ರ ಈ ಫೈಲೆಲ್ಲಾ ಕದ್ದದ್ದೇನಪಾ?’ ಅಲ್ಲ. ಮನೆಯಲ್ಲಿರುವ ಸಿಡಿ, ಕ್ಯಾಸೆಟ್ಟುಗಳಿಂದ ಮಾಡಿಕೊಂಡವು ಮತ್ತು ದುಡ್ಡು ಕೊಟ್ಟು ಕೊಂಡವು ಮಾತ್ರ ಅದರಲ್ಲಿವೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮು ಖಾಸಗಿ ಬಳಕೆಯ ನ್ಯಾಯವಾದ ಉಪಯೋಗಕ್ಕೆ ಅವಕಾಶ ಕೊಡುತ್ತದೆ. ಅದರ ಆಸರೆಯಲ್ಲಿ ನಾನು ಕೇಳಿಕೊಳ್ಳುತ್ತೇನೆ, ಪೆನ್‌ಡ್ರೈವಿನಲ್ಲಿ ಯಾರಿಗೂ ಹಂಚುವುದಿಲ್ಲ. ಕಷ್ಟವಿರುವುದು ಕೊಳ್ಳುವುದರಲ್ಲಿ. ಬ್ಯಾಂಡ್‌ಕ್ಯಾಂಪ್ ಎಂಬ ತಾಣದಲ್ಲಿ ಕಲಾವಿದರು ತಮ್ಮ ಆಲ್ಬಮ್ಮನ್ನು ತಾವೇ ಬೆಲೆ ಕಟ್ಟಿ ಮಾರಬಹುದು, ಕೊಂಡವರು ಫ್ಲ್ಯಾಕ್ ಅಥವಾ ಎಂಪಿ3 ಯಾವುದನ್ನು ಬೇಕಾದರೂ ಬೀಗವಿಲ್ಲದೆ ಇಳಿಸಿಕೊಳ್ಳಬಹುದು, ಡಿಜಿಟಲ್ ಮಾರಾಟದಲ್ಲಿ ತಾಣ ಹಿಡಿದುಕೊಳ್ಳುವುದು ಸಾಮಾನ್ಯವಾಗಿ ಶೇ. 15ರಷ್ಟು. ಕನ್ನಡದ ಭಾವಗೀತೆಗಾರರೂ ಧಾರವಾಡದ ಗಾಯಕರೂ ಇಂಥ ದಾರಿಯನ್ನು ಹಿಡಿಯಬೇಕೆಂಬುದು ನನ್ನ ಕಳಕಳಿಯ ಮನವಿ. ಹೊಸ ಧ್ವನಿಮುದ್ರಣ ಮಾಡಿಸುತ್ತಿರುವವರು ಆ್ಯಪ್‌ಗಳಿಗೆ ಕೊಡುವುದರ ಜೊತೆಗೆ ಒಂದು ಫ್ಲ್ಯಾಕ್ ಪ್ರತಿಯನ್ನೂ ಮಾರಾಟಕ್ಕಿಡಲಿ, ಅದರ ಟ್ಯಾಗಿನಲ್ಲಿ ಕವಿಯ ಹೆಸರು, ಸ್ವರ ಸಂಯೋಜಕರ ಹೆಸರು, ತಬಲಾ ಸಾಥಿಯ ಹೆಸರು, ಧ್ವನಿಮುದ್ರಣದ ವರ್ಷ ಎಲ್ಲವನ್ನೂ ಕನ್ನಡದಲ್ಲಿ ತುಂಬಲಿ, ಕವಿತೆಯ ಪೂರ್ಣ ಪಾಠವನ್ನು ಜೊತೆಗಿಡಲಿ. ಟ್ಯಾಗು ತುಂಬುವ ಕೆಲಸಕ್ಕೆ ಕೈ ಬೇಕಾದರೆ ಸಂಬಳವಿಲ್ಲದೆ ಮಾಡಿಕೊಡಲು ನಾನು ಸಿದ್ಧ, ಫೈಲನ್ನು ಮಾತ್ರ ಎಲ್ಲರಂತೆ ಬೆಲೆ ಕೊಟ್ಟೇ ಕೊಳ್ಳುತ್ತೇನೆ.