ಗ್ಲೌಸ್ ಮಾರಿದೆ, ಕತ್ತಿ ನೋಡಲಿಲ್ಲ

ಹುಡುಗ ಅಂಗಡಿಗೆ ಬಂದಾಗ ಬಲಗೈ ಹೆಬ್ಬೆರಳಿಗೆ ಪ್ಲಾಸ್ಟರ್ ಹಾಕಿತ್ತು. ಜಗಳಕ್ಕೆ ಬಂದವನಲ್ಲ, ಮೊಣಕಾಲಿಗೆ ಕಟ್ಟುವ ನೀ ಪ್ಯಾಡ್ ಬೇಕಿತ್ತು ಅಷ್ಟೇ. "ಏನಾಯ್ತೋ ತಮ್ಮಾ?" ಅಂದೆ. "ನೀವು ಕೊಟ್ಟ ಗ್ಲೌಸ್ ಹಾಕ್ಕೊಂಡಾಗಲೇ ಆಗಿದ್ದು ಅಣ್ಣಾ" ಅಂತ ನಕ್ಕ. ಬೈದಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲ.

ಕಾರವಾರದಲ್ಲಿ ನನ್ನದು ಆಟದ ಸಾಮಾನಿನ ಅಂಗಡಿ. ಕ್ರಿಕೆಟ್, ವಾಲಿಬಾಲ್, ಕಬಡ್ಡಿ. ಮಳೆಗಾಲದಲ್ಲಿ ಕೇರಂ ಬೋರ್ಡು. ಅದಕ್ಕೂ ಎರಡು ತಿಂಗಳ ಹಿಂದೆ ಇವನೂ ಇವನ ನಾಲ್ಕು ಗೆಳೆಯರೂ ಬಂದಿದ್ದರು. ಕತ್ತಿವರಸೆ ಕಲಿಯುತ್ತಿದ್ದೇವೆ, ಕೈಗೆ ತಲೆಗೆ ಏನಾದರೂ ಕೊಡಿ ಅಂದರು. ಕಾಲೇಜಿನ ನಾಟಕ ಇರಬೇಕು ಅಂದುಕೊಂಡೆ. ನಮ್ಮ ಕಡೆ ಕತ್ತಿ ಅಂದರೆ ಬೇಲಿ ಸವರುವುದು, ಇಲ್ಲವೇ ಘಟ್ಟದ ಮೇಲೆ ಅಡಿಕೆ ಕೊನೆ ಇಳಿಸುವ ಕೊನೆಗೌಡರ ಸೊಂಟದಲ್ಲಿರುವುದು. ಆಟದ ಕತ್ತಿ ಅಂದರೆ ಯಕ್ಷಗಾನದ್ದು. ಅಲ್ಲಿ ಯಾರೂ ನಿಜವಾಗಿ ಹೊಡೆಯುವುದಿಲ್ಲ ಅಲ್ವಾ? ಸುಮ್ನೆ ಕ್ರಿಕೆಟ್ ಬ್ಯಾಟಿಂಗ್ ಗ್ಲೌಸ್, ಹೆಲ್ಮೆಟ್, ಎದೆ ಗಾರ್ಡ್, ತೊಡೆಸಂದಿ ಕಾಯುವ ಎಲ್ ಗಾರ್ಡ್ ಕಟ್ಟಿಕೊಟ್ಟೆ. ಒಳ್ಳೆಯ ವ್ಯಾಪಾರ ಅಂತ ಖುಷಿಯೂ ಪಟ್ಟೆ.

ಪ್ಲಾಸ್ಟರ್ ನೋಡಿದ ಮೇಲೆ ಮೊದಲ ಸಲ ಕೂರಿಸಿ ಕೇಳಿದೆ. ಇವರು ಕಲಿಯುವುದು ಯುರೋಪಿನ ಹಳೆಯ ಕತ್ತಿವರಸೆ. ಇಟಲಿಯ ಫಿಯೋರೆ ಎಂಬ ಗುರುವಿನ 1410ರ ಆಸುಪಾಸಿನ ಕೈಬರಹ, ಜರ್ಮನ್ ಗುರು ಮೇಯರ್ 1570ರಲ್ಲಿ ಅಚ್ಚು ಹಾಕಿಸಿದ ಪುಸ್ತಕ, ಇಂಥವನ್ನು ನೋಡಿ ಪಟ್ಟು ಕಲಿಯುತ್ತಾರೆ. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ. ಒಲಿಂಪಿಕ್ಸ್ ಫೆನ್ಸಿಂಗ್‌ನ ಫಾಯಿಲ್ ಎಂಬ ತೆಳು ಕತ್ತಿ ಅರ್ಧ ಕಿಲೋಗಿಂತ ಕಡಿಮೆ. ಇದು ಸುಮಾರು ಒಂದೂವರೆ ಕಿಲೋ. ಅದನ್ನು ಪೂರ್ತಿ ಬೀಸಿ ಹೊಡೆಯುತ್ತಾರೆ.

ಬ್ಯಾಟಿಂಗ್ ಗ್ಲೌಸ್ ಕೆಟ್ಟದ್ದೇನೂ ಅಲ್ಲ. ಚೆಂಡು ಎದುರಿನಿಂದ, ಬೆರಳಿನ ಬೆನ್ನಿಗೆ ಬಡಿಯುತ್ತದೆ ಅಂತ ಲೆಕ್ಕ ಹಾಕಿ ಹೊಲಿದದ್ದು. ಕತ್ತಿ ಹಾಗಲ್ಲ. ಪಕ್ಕದಿಂದ ಬರುತ್ತದೆ, ಕೆಳಗಿನಿಂದ ಬರುತ್ತದೆ, ನಿಮ್ಮದೇ ಕತ್ತಿಯ ಮೇಲೆ ಜಾರಿಕೊಂಡು ಕೈಗೆ ಬರುತ್ತದೆ. ಜರ್ಮನ್ ವರಸೆಯ ಕೆಲವು ಪಟ್ಟುಗಳಲ್ಲಿ ಹೆಬ್ಬೆರಳನ್ನು ಅಲಗಿನ ಚಪ್ಪಟೆ ಮೈಮೇಲೆ ಒತ್ತಿ ಇಡಬೇಕಂತೆ. ಪೆಟ್ಟು ಬಿದ್ದರೆ ಕೆಳಗೆ ಕಬ್ಬಿಣ, ಮೇಲೆ ಕಬ್ಬಿಣ, ನಡುವೆ ಹೆಬ್ಬೆರಳು. ಅಡಕೊತ್ತಿನಲ್ಲಿ ಸಿಕ್ಕ ಅಡಿಕೆಯ ಹಾಗೆ.

ಈಗ ಇದಕ್ಕಂತಲೇ ಮಾಡಿದ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನ ಗ್ಲೌಸ್ ತರಿಸಿಕೊಡುತ್ತೇನೆ. ಹೊರದೇಶದಿಂದ ಬರಬೇಕು, ಒಂದು ಜೋಡಿಗೆ ಹತ್ತು ಸಾವಿರ ರೂಪಾಯಿ ದಾಟುತ್ತದೆ. ಬಂದ ಮೇಲೆ ಬೆರಳ ತುದಿಗೂ ಹೆಬ್ಬೆರಳ ಪಕ್ಕಕ್ಕೂ ಸುತ್ತಿಗೆಯ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡುತ್ತೇನೆ. ಒಳಗಿನ ಬೆರಳಿಗೆ ಟಕ್ ಅಂತ ಗೊತ್ತಾದರೆ ವಾಪಸ್. ಕತ್ತಿ ಹಿಡಿದೇ ಹಾಕಿ ನೋಡಬೇಕು. ಮುಷ್ಟಿ ಪೂರ್ತಿ ಮುಚ್ಚದಿದ್ದರೆ ಎಷ್ಟು ಗಟ್ಟಿಯಿದ್ದರೂ ಉಪಯೋಗವಿಲ್ಲ.

ಹೆಲ್ಮೆಟ್ ವಿಷಯ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಕ್ರಿಕೆಟ್ ಹೆಲ್ಮೆಟ್ಟಿನ ಕಂಬಿಗಳ ಸಂದಿ ಏಳು ಸೆಂಟಿಮೀಟರ್ ದಪ್ಪದ ಚೆಂಡು ನುಗ್ಗದ ಹಾಗೆ ಇಟ್ಟದ್ದು. ಕತ್ತಿಯ ತುದಿ ಎರಡು ಬೆರಳಗಲ. ಸೀದಾ ಕಣ್ಣಿಗೇ ದಾರಿ. ಅವರು ಎರಡು ತಿಂಗಳು ಅದನ್ನೇ ಹಾಕಿಕೊಂಡು ಆಡಿದ್ದರು. ಒಂದು ತಿವಿತವೂ ಮುಖಕ್ಕೆ ಬೀಳಲಿಲ್ಲ ಅನ್ನುವುದು ಮಾರಿಕಾಂಬೆಯ ದಯೆ.

ಬೇಕಾದದ್ದು ಒತ್ತಾದ ಉಕ್ಕಿನ ಜಾಲರಿಯ ಫೆನ್ಸಿಂಗ್ ಮಾಸ್ಕ್. ಅದೂ ತಿವಿತಕ್ಕೆ, ಹಗುರ ಕತ್ತಿಗೆ ಅಂತ ಮಾಡಿದ್ದು. ತಲೆಯ ಹಿಂಭಾಗ ಬೋಳು. ಉದ್ದ ಕತ್ತಿಯವರು ಅದರ ಮೇಲೆ ದಪ್ಪ ಪ್ಯಾಡಿನ ಹೊದಿಕೆ ಹಾಕಿ ಹಿಂದಲೆ ಮುಚ್ಚುತ್ತಾರೆ. ಗಂಟಲಿಗೆ ಬೇರೆಯೇ ಗಟ್ಟಿ ಪಟ್ಟಿ.

ಇಲ್ಲಿ ಎರಡನೇ ಸಲ ಎಡವಿದೆ. ಜಾಕೆಟ್ ಮೇಲೆ 350 ನ್ಯೂಟನ್, 800 ನ್ಯೂಟನ್ ಅಂತ ಬರೆದಿರುತ್ತದೆ. 800 ಇದ್ದರೆ ಪೆಟ್ಟು ತಡೆಯುವುದೂ ಜಾಸ್ತಿ ಅಂದುಕೊಂಡು ತೆಳ್ಳಗಿನ 800ರದ್ದನ್ನೇ ತರಿಸಿದೆ. ಒಂದೇ ಸಂಜೆಗೆ ಹುಡುಗರ ತೋಳೆಲ್ಲ ನೀಲಿ. ಆಮೇಲೆ ತಿಳಿಯಿತು, ಆ ಅಂಕಿ ಹೇಳುವುದು ಬಟ್ಟೆ ತೂತಾಗದೆ ಎಷ್ಟು ತಡೆಯುತ್ತದೆ ಅಂತ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎದುರಾಳಿಯ ಫಾಯಿಲ್ ಮುರಿದು, ಮುರಿದ ಮೊನೆ ಸೋವಿಯತ್ ಆಟಗಾರ ವ್ಲಾದಿಮಿರ್ ಸ್ಮಿರ್ನೊವ್ ಅವರ ಮಾಸ್ಕನ್ನೇ ಸೀಳಿ ಒಳಗೆ ಹೋಯಿತು. ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ಮಾಸ್ಕ್, ಬಟ್ಟೆ, ಅಲಗಿನ ಉಕ್ಕು ಎಲ್ಲದರ ನಿಯಮ ಬಿಗಿಯಾದದ್ದು ಆಮೇಲೆ. ಹಾಗಾಗಿ ಆ ಅಂಕಿ ಮುಖ್ಯವೇ. ಆದರೆ ಮೂಳೆಗೆ ಬೀಳುವ ಪೆಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ದಪ್ಪ ಹತ್ತಿ, ಫೋಮ್, ಮೊಣಕೈಗೆ ಮೊಣಕಾಲಿಗೆ ಚಿಪ್ಪು ಬೇಕು. ವಾಲಿಬಾಲ್ ನೀ ಪ್ಯಾಡ್ ಮೆತ್ತಗಾಯಿತು. ಸ್ಕೇಟಿಂಗ್‌ನದು ಪರವಾಗಿಲ್ಲ. ಮೊದಲ ದಿನ ನಾನು ಕಟ್ಟಿಕೊಟ್ಟ ಗಂಟಿನಲ್ಲಿ ಇವತ್ತಿಗೂ ಕೆಲಸಕ್ಕೆ ಬರುತ್ತಿರುವುದು ಎಲ್ ಗಾರ್ಡ್ ಒಂದೇ.

ಇಷ್ಟೆಲ್ಲ ಆದ ಮೇಲೆ ಕೇಳಿದೆ, "ಕತ್ತಿ ತೋರಿಸ್ರೋ ಮಾರಾಯ." ಆವರೆಗೂ ಅದನ್ನು ನೋಡಿಯೇ ಇರಲಿಲ್ಲ! ತಂದರು. ಲಾರಿಯ ಕಮಾನ್ ಪಟ್ಟಿ ಕಾಯಿಸಿ ಆಚಾರಿಯೊಬ್ಬರು ಬಡಿದುಕೊಟ್ಟದ್ದು. ಕೆಲಸ ಚಂದ. ಅಂಗಡಿಯ ತಕ್ಕಡಿಯಲ್ಲಿಟ್ಟರೆ ಎರಡೂವರೆ ಕಿಲೋ. ತುದಿಯನ್ನು ಹಲಗೆಗೆ ಊರಿ ಮೈಭಾರ ಬಿಟ್ಟು ಒತ್ತಿದೆ. ಕದಲಲಿಲ್ಲ. ಅಭ್ಯಾಸಕ್ಕೆ ಫೆಡರ್ ಅಂತ ಬೇರೆಯೇ ಕತ್ತಿ ಇದೆ. ತಿವಿದರೆ ಬಿಲ್ಲಿನ ಹಾಗೆ ಬಾಗುತ್ತದೆ, ಅಂಚು ಮೊಂಡು, ತುದಿಯನ್ನು ಸುರುಳಿ ಮಡಚಿಯೋ ಅಗಲ ಮಾಡಿಯೋ ಇಟ್ಟಿರುತ್ತಾರೆ. ಬಾಗುವ ಕತ್ತಿ ತಿವಿತದ ಪೆಟ್ಟಿನ ಒಂದು ಪಾಲನ್ನು ತಾನೇ ನುಂಗಿಕೊಳ್ಳುತ್ತದೆ. ಬಾಗದ ಕತ್ತಿಗೆ ಎದುರಾಗಿ ಯಾವ ಜಾಕೆಟ್ ಮಾರಿದರೂ ನಾನು ಸುಳ್ಳು ಹೇಳಿದ ಹಾಗೆ. ಮರದ ಕತ್ತಿಯೂ ಬಾಗುವುದಿಲ್ಲ, ಅದರಲ್ಲಿ ತಿವಿತ ಬೇಡ. ನೈಲಾನ್‌ದು ಕಲಿಯುವವರಿಗೆ ಅಗ್ಗ, ಆದರೆ ಬೆರಳು ಮುರಿಯಲು ಅದೂ ಸಾಕು.

ಆಚಾರಿಯ ಕತ್ತಿ ಈಗ ಅವರ ರೂಮಿನ ಗೋಡೆ ಮೇಲಿದೆ. ಐದು ಜನ ಸೇರಿ ಮೊದಲು ಎರಡು ಫೆಡರ್ ತರಿಸಿಕೊಂಡರು, ಆಮೇಲೆ ಗ್ಲೌಸ್. ಎಲ್ಲರಿಗೂ ಎಲ್ಲ ಬರುವವರೆಗೆ ಇಬ್ಬರು ಆಡುವುದು, ಮೂವರು ನೋಡುವುದು.

ನಮ್ಮ ಕಡಲ ಗಾಳಿ ಇನ್ನೊಂದು ತಲೆನೋವು. ಉಪ್ಪು, ಬೆವರು ಸೇರಿ ಮಾಸ್ಕಿನ ಜಾಲರಿಗೆ ಬೇಗ ತುಕ್ಕು. ತಿಂಗಳಿಗೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ ಅಂದಿದ್ದೇನೆ. ಎಲ್ಲಾದರೂ ತಗ್ಗು ಬಿದ್ದರೆ, ಮೆತ್ತಗಾದರೆ ಎಸೆದುಬಿಡಿ. ಅಲಗಿಗೆ ಹೊಲಿಗೆ ಮಿಷನ್ ಎಣ್ಣೆ. ಅಂಚಿನಲ್ಲಿ ಗರಗಸದ ಹಲ್ಲಿನ ಹಾಗೆ ಎದ್ದದ್ದನ್ನು ಅರ ಹಾಕಿ ಉಜ್ಜಬೇಕು, ಇಲ್ಲದಿದ್ದರೆ ಗ್ಲೌಸ್ ಹರಿಯುತ್ತದೆ. ಇನ್ನು ಮೇ ತಿಂಗಳಲ್ಲಿ ಆ ಜಾಕೆಟ್ ತೊಟ್ಟು ಹತ್ತು ನಿಮಿಷ ಕುಣಿದರೆ ತಲೆ ಸುತ್ತುತ್ತದೆ. ಆಷಾಢದಲ್ಲಿ ಅದು ಒಣಗುವುದೂ ಇಲ್ಲ.

ಕಳೆದ ವಾರ ಅಂಕೋಲೆಯಿಂದ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದರು. ಈ ಹುಡುಗರ ಹತ್ತಿರ ಕಲಿಯಲು ಸೇರಿದ್ದಾನಂತೆ. ಗ್ಲೌಸ್ ಕೊಡಿ ಅಂದರು. "ಗ್ಲೌಸ್ ಆಮೇಲೆ ಅಕ್ಕಾ, ಮೊದಲು ಕತ್ತಿ ತಕೊಂಡು ಬನ್ನಿ" ಅಂದೆ. ಅವರು ಮಗನ ಮುಖ ನೋಡಿದರು, ನನ್ನ ಮುಖ ನೋಡಿದರು. "ಹಿತ್ತಲಲ್ಲಿ ಒಂದುಂಟು. ಹುಲ್ಲು ಸವರೂದು. ಅದು ಸಾಕೇನು?"